ಬಾವು ಇಳಿಯಿತು ಅಂತ ಕೆಚ್ಚಲು ವಾಸಿಯಾದ ಹಾಗಲ್ಲ

ಅಣ್ಣ, ನೀವು ಹಾಕಿದ್ದು ಪೂರ್ತಿ ಓದಿದೆ. ಕರು ಹಾಕಿ 12 ದಿನ ಆದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು, ಹಿಂದಿನ ಬಲ ಮೊಲೆ ಊದಿ ಬಿಸಿಯಾಗಿತ್ತು. ಮೆಡಿಕಲ್‌ನಿಂದ ಬಾವಿನ ಇಂಜೆಕ್ಷನ್ ತಂದು ಎರಡು ದಿನ ಹಾಕಿದ್ದೀರಿ. ಬಾವು ಇಳಿದಿದೆ, ಹಾಲಿನಲ್ಲಿ ಗಡ್ಡೆ ಮಾತ್ರ ಇನ್ನೂ ಬರುತ್ತಿದೆ. ಬಾವೇ ಹೋದಮೇಲೆ ಡಾಕ್ಟರ್ ಯಾಕೆ ಅಂತ ಕೇಳಿದ್ದೀರಿ ಅಲ್ವಾ? ಇವತ್ತೇ ಕರೆಸಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕಂದ್ರೆ ಕೆಳಗೆ ಇನ್ನೊಬ್ಬರು "ಬಾವೇ ರೋಗ, ಅದು ಇಳಿದರೆ ಮುಗೀತು" ಅಂತ ಬರೆದಿದ್ದಾರೆ. ಅದು ಸರಿಯಲ್ಲ.

ಬಾವು ಮಾಡುವುದು ಕ್ರಿಮಿಯಲ್ಲ, ಹಸುವಿನ ಮೈಯೇ. ಕೆಚ್ಚಲಿನ ಒಳಗೆ ಯಾವಾಗಲೂ ಕೆಲವು ಬಿಳಿ ರಕ್ತಕಣಗಳು ಕಾವಲು ಇರುತ್ತವೆ, ಅವುಗಳಿಗೆ ಮ್ಯಾಕ್ರೊಫೇಜ್ ಅಂತ ಹೆಸರು. ತೊಟ್ಟಿನ ತೂತಿನಿಂದ ಕ್ರಿಮಿ ಒಳಗೆ ಬಂದರೆ ಇವು ಗುರುತು ಹಿಡಿಯುತ್ತವೆ. ಹಿಡಿದ ತಕ್ಷಣ ಸೈಟೊಕೈನ್ ಅನ್ನುವ ಸಣ್ಣ ಸಣ್ಣ ಪ್ರೋಟೀನ್‌ಗಳನ್ನು ಬಿಡುತ್ತವೆ. ಪಶು ಆಹಾರದ ಚೀಲದ ಮೇಲೆ ಬರೆದಿರುವ ಪ್ರೋಟೀನ್ ಬೇರೆ, ಇದು ಒಂದು ಕಣ ಇನ್ನೊಂದು ಕಣಕ್ಕೆ ಹೇಳಿ ಕಳಿಸುವ ಸುದ್ದಿ ಅಂದುಕೊಳ್ಳಿ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಅನ್ನುವ ಎರಡು ಪ್ರೋಟೀನ್ ಸೇರಿ ಅಲ್ಲಿನ ರಕ್ತನಾಳಗಳನ್ನು ಸಡಿಲ ಮಾಡುತ್ತವೆ. ನೀರು ಜಿನುಗುತ್ತದೆ, ರಕ್ತ ಜಾಸ್ತಿ ಬರುತ್ತದೆ. ನೀವು ಮುಟ್ಟಿದಾಗ ಸಿಕ್ಕ ಊತ, ಬಿಸಿ ಅದೇ. ಇಂಟರ್‌ಲ್ಯೂಕಿನ್-8 ಅನ್ನುವುದು ರಕ್ತದಲ್ಲಿ ಓಡಾಡುವ ನ್ಯೂಟ್ರೊಫಿಲ್ ಕಣಗಳನ್ನು ಆ ಜಾಗಕ್ಕೇ ಎಳೆದು ತರುತ್ತದೆ. ಕ್ರಿಮಿ ನುಂಗುವ ದೊಡ್ಡ ಕೆಲಸ ಇವುಗಳದ್ದು. ಒಳ್ಳೆ ಹಾಲಿನಲ್ಲಿ ಒಂದು ಮಿಲಿಗೆ 2 ಲಕ್ಷಕ್ಕಿಂತ ಕಡಿಮೆ ಕಣ ಇರುತ್ತವೆ, ಕೆಚ್ಚಲು ಬಾವು ಬಂದರೆ ಹತ್ತಾರು ಲಕ್ಷಕ್ಕೆ ಏರುತ್ತದೆ. ಗಡ್ಡೆ ಅಂದರೆ ಬಹುಪಾಲು ಇಂಥ ಕಣಗಳು ಮತ್ತು ಹೆಪ್ಪುಗಟ್ಟಿದ ಪ್ರೋಟೀನ್.

ಈಗ ಮುಖ್ಯ ವಿಷಯ. ನ್ಯೂಟ್ರೊಫಿಲ್ ಕ್ರಿಮಿ ಕೊಲ್ಲಲು ಬಿಡುವ ರಸ ಹಾಲು ತಯಾರಿಸುವ ಜಾಗವನ್ನೂ ಸುಡುತ್ತದೆ. ಹಾಗಾಗಿ ನಿಲ್ಲಿಸುವ ವ್ಯವಸ್ಥೆಯೂ ಮೈಯಲ್ಲೇ ಇದೆ. ನಮ್ಮ ಬೋರ್‌ವೆಲ್ ಸ್ಟಾರ್ಟರ್‌ನಲ್ಲಿ ಹಸಿರು ಬಟನ್ ಜೊತೆ ಕೆಂಪು ಬಟನ್ ಇರುವ ಹಾಗೆ. ಕೆಲಸ ಮುಗಿಸಿದ ನ್ಯೂಟ್ರೊಫಿಲ್ ಸಾಯುತ್ತದೆ, ಮ್ಯಾಕ್ರೊಫೇಜ್ ಬಂದು ಅದನ್ನು ನುಂಗುತ್ತದೆ. ನುಂಗಿದ ಮೇಲೆ ಇಂಟರ್‌ಲ್ಯೂಕಿನ್-10, ಟಿಜಿಎಫ್ ಬೀಟಾ ಅನ್ನುವ ಬೇರೆ ಪ್ರೋಟೀನ್ ಬಿಡುತ್ತದೆ. ಟಿಎನ್‌ಎಫ್ ಮಾಡುವುದು ಸಾಕು, ಇನ್ನು ರಿಪೇರಿ ಶುರು ಮಾಡಿ ಅಂತ ಅದರ ಅರ್ಥ. ಈ ಕೆಂಪು ಬಟನ್ ಎಷ್ಟು ಮುಖ್ಯ ಅಂದರೆ, ಇಂಟರ್‌ಲ್ಯೂಕಿನ್-10 ಇಲ್ಲದ ಇಲಿಗಳನ್ನು 1993ರಲ್ಲಿ ಬೆಳೆಸಿ ನೋಡಿದಾಗ ಅವುಗಳ ಕರುಳು ಬಾವು ಬಂದು ಹಾಳಾಯಿತು, ಬಾವು ನಿಲ್ಲಲೇ ಇಲ್ಲ. ನಮ್ಮ ಮೈಯಲ್ಲೂ ಇದೇ ಲೆಕ್ಕ. ಕೀಲುವಾತಕ್ಕೆ ದೊಡ್ಡ ಆಸ್ಪತ್ರೆಗಳಲ್ಲಿ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಕೊಡುವುದು ಇದಕ್ಕೇ.

ಕೆಂಪು ಬಟನ್ ಸರಿಯಾಗಿ ಒತ್ತಬೇಕು ಅಂದರೆ ಮೊದಲು ಕ್ರಿಮಿ ಹೋಗಿರಬೇಕು. ನೀವು ಹಾಕಿದ ಇಂಜೆಕ್ಷನ್ ಮೆಲಾಕ್ಸಿಕಾಮ್ ಆಗಿದ್ದರೆ ಅದು ನೋವು, ಜ್ವರ, ಊತ ಇಳಿಸುತ್ತದೆ, ಕ್ರಿಮಿಯನ್ನು ಮುಟ್ಟುವುದಿಲ್ಲ. ಕ್ರಿಮಿ ಕೊಲ್ಲುವ ಔಷಧಿ ಜೊತೆ ಡಾಕ್ಟರ್ ಕೊಟ್ಟರೆ ಅದು ತುಂಬಾ ಒಳ್ಳೆಯದೇ, ಹಸುವಿಗೂ ನೆಮ್ಮದಿ. ಡೆಕ್ಸಾಮೆಥಾಸೋನ್ ಆಗಿದ್ದರೆ ವಿಷಯ ಬೇರೆ. ಅದು ಸ್ಟೀರಾಯ್ಡ್, ಸೈಟೊಕೈನ್ ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ. ಕರು ಹಾಕಿದ ಹೊಸದರಲ್ಲಿ ಹಸುವಿನ ಶಕ್ತಿ ಮೊದಲೇ ಕಡಿಮೆ, ಅದರ ಮೇಲೆ ಇದು ಬೇಡ. ತುಂಬು ಗಬ್ಬದ ಹಸುವಿಗೆ ಕೊಟ್ಟರೆ ಕರುವೇ ಬೀಳಬಹುದು. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ ಅಂತೂ ದನಗಳಿಗೆ 2006ರಲ್ಲೇ ನಿಷೇಧ. ಅದು ಹಾಕಿದ ದನ ಸತ್ತು ರಣಹದ್ದು ತಿಂದರೆ ಹದ್ದು ಸಾಯುತ್ತದೆ, ನಮ್ಮ ರಾಮನಗರದ ಬೆಟ್ಟದಲ್ಲಿ ಉಳಿದಿರುವುದೇ ಬೆರಳೆಣಿಕೆ. 2023ರಲ್ಲಿ ಅಂಥದ್ದೇ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ದನಗಳಿಗೆ ನಿಷೇಧ ಆಗಿವೆ.

ಮೂರು ವರ್ಷದ ಹಿಂದೆ ಚಿಂತಾಮಣಿ ಹತ್ತಿರ ನಮ್ಮ ಕೊಟ್ಟಿಗೆಯಲ್ಲೂ ಹೀಗೇ ಆಯಿತು. ಬಾವು ಇಳಿಯಿತು, ಹಸು ಮೇವು ತಿಂದಳು, ನಾನು ಸುಮ್ನೆ ಆದೆ. ಎರಡು ವಾರಕ್ಕೆ ಆ ಮೊಲೆ ತೆಂಗಿನಕಾಯಿ ಹಾಗೆ ಗಟ್ಟಿಯಾಯಿತು. ಹಿಂಡಿದರೆ ನಾಲ್ಕು ಹನಿ ನೀರು. ಮತ್ತೆ ಆ ಮೊಲೆ ಸರಿಹೋಗಲೇ ಇಲ್ಲ. ಲ್ಯಾಬ್‌ನಲ್ಲಿ ಸ್ಟೆಫಿಲೋಕಾಕಸ್ ಅಂದರು. ಆ ಕ್ರಿಮಿ ಕಣದ ಒಳಗೇ ಅವಿತು ಕೂರುತ್ತದೆ, ಜಾಸ್ತಿ ಸದ್ದು ಮಾಡುವುದಿಲ್ಲ, ಬಾವೂ ಕಡಿಮೆ. ಇ-ಕೊಲೈ ಅನ್ನುವ ಇನ್ನೊಂದು ಕ್ರಿಮಿ ಆದರೆ ಉಲ್ಟಾ, ಒಂದೇ ರಾತ್ರಿಯಲ್ಲಿ ಸೈಟೊಕೈನ್ ಉಕ್ಕಿ ಜ್ವರ ಏರಿ ಹಸು ಬಿದ್ದೇ ಹೋಗಬಹುದು, ಸಣ್ಣದಾಗಿದ್ದರೆ ಮೈಯೇ ಸರಿಮಾಡಿಕೊಳ್ಳುವುದೂ ಉಂಟು. ಅದಕ್ಕೇ ಎಲ್ಲ ಬಾವಿಗೂ ಆ್ಯಂಟಿಬಯೋಟಿಕ್ ಹಾಕಿ ಅಂತ ನಾನು ಹೇಳುತ್ತಿಲ್ಲ. ಯಾವ ಕ್ರಿಮಿ ಅಂತ ಗೊತ್ತಾಗಬೇಕು.

ಡಾಕ್ಟರ್ ಬರುವ ಮೊದಲು ತೊಟ್ಟನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಮೊದಲ ಧಾರೆ ಬಿಟ್ಟು, ಶುದ್ಧವಾದ ಮುಚ್ಚಳದ ಬಾಟಲಿಗೆ ಸ್ವಲ್ಪ ಹಾಲು ಹಿಡಿದು ಫ್ರಿಜ್‌ನಲ್ಲಿಡಿ. ಇದು ಆ್ಯಂಟಿಬಯೋಟಿಕ್ ಹಾಕುವ ಮೊದಲೇ ಆಗಬೇಕು. ಆ ಮೊಲೆಯನ್ನು ಕೊನೆಗೆ ಹಿಂಡಿ, ದಿನಕ್ಕೆ ಎರಡರ ಬದಲು ನಾಲ್ಕು ಸಲ ಪೂರ್ತಿ ಖಾಲಿ ಮಾಡಿ, ಹಾಲು ಕೊಟ್ಟಿಗೆಯಲ್ಲಿ ಚೆಲ್ಲಬೇಡಿ, ಕರುವಿಗೂ ಬೇಡ. ಹಿಂಡಿದ ಮೇಲೆ ತೊಟ್ಟಿನ ತೂತು ಮುಚ್ಚಲು ಅರ್ಧ ಗಂಟೆಗೂ ಜಾಸ್ತಿ ಬೇಕು, ಅಷ್ಟು ಹೊತ್ತು ಮಲಗದ ಹಾಗೆ ಮುಂದೆ ಮೇವು ಹಾಕಿ. ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವವರು ಹಚ್ಚಲಿ, ಆದರೆ ಅದನ್ನೇ ನಂಬಿ ದಿನ ಕಳೆಯಬೇಡಿ. ಔಷಧಿ ಶುರುವಾದರೆ ಡಾಕ್ಟರ್ ಹೇಳಿದಷ್ಟು ದಿನ ಯಾವ ಮೊಲೆಯ ಹಾಲನ್ನೂ ಡೇರಿಗೆ ಹಾಕಬೇಡಿ.

ಮೆಡಿಕಲ್‌ನಿಂದ ತಂದ ಆ ಇಂಜೆಕ್ಷನ್ ಬಾಟಲಿ ಇನ್ನೂ ಇದ್ದರೆ ಹೆಸರು ಕಾಣುವ ಹಾಗೆ ಫೋಟೊ ಹಾಕಿ ಅಣ್ಣ. ಡಾಕ್ಟರಿಗೂ ಅದನ್ನೇ ಮೊದಲು ತೋರಿಸಿ.