ಟೀಚರ್ ಆಗಲು ಬಿ.ಕಾಂ. ಬಿಡಬೇಕೆ?

ಪ್ರಶ್ನೆ: ಡೊಂಬಿವಲಿಯಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ಮೂರು ಸೆಮಿಸ್ಟರ್ ಮುಗಿದಿವೆ, ಒಂದೂ ಎ.ಟಿ.ಕೆ.ಟಿ. (ಫೇಲಾಗಿ ಬಾಕಿ ಉಳಿದ ವಿಷಯ) ಇಲ್ಲ. ಆದರೆ ಮನಸ್ಸು ಅಕೌಂಟ್ಸ್‌ನಲ್ಲಿಲ್ಲ. ಸಂಜೆ ನಮ್ಮ ಕಟ್ಟಡದ ಮೂವರು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ, ಐದು-ಆರನೇ ತರಗತಿಯವರು. ಅದರಲ್ಲೇ ನನಗೆ ಖುಷಿ. ಬಿ.ಕಾಂ. ಬಿಟ್ಟು ಬಿ.ಎಸ್ಸಿ. ಗಣಿತಕ್ಕೆ ಸೇರಿ, ಆಮೇಲೆ ಬಿ.ಎಡ್. ಮಾಡೋಣ ಅಂದುಕೊಂಡಿದ್ದೇನೆ. ಅಪ್ಪ ‘ಮೊದಲು ಡಿಗ್ರಿ ಮುಗಿಸು’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಹನ್ನೆರಡನೆಯಲ್ಲಿ ನೀವು ಓದಿದ್ದು ಕಾಮರ್ಸ್ ಆದರೆ ಬಿ.ಎಸ್ಸಿ. ಬಾಗಿಲು ಈಗಾಗಲೇ ಮುಚ್ಚಿದೆ, ಅದಕ್ಕೆ ಹನ್ನೆರಡನೆಯಲ್ಲಿ ವಿಜ್ಞಾನ ಇರಬೇಕು. ಬಿ.ಎ.ಗೆ ಸೇರಬಹುದು, ಆದರೆ ಅಕೌಂಟ್ಸ್‌ನಲ್ಲಿ ಗಳಿಸಿದ ಕ್ರೆಡಿಟ್ ಹೊಸ ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಆಗಿಬರುವುದಿಲ್ಲ. ಮೊದಲನೇ ವರ್ಷದಿಂದಲೇ ಶುರು ಅಂತ ಲೆಕ್ಕ ಹಾಕಿ: ಮೂರು ವರ್ಷ ಬಿ.ಎ., ಎರಡು ವರ್ಷ ಬಿ.ಎಡ್.

ಅದಕ್ಕಿಂತ ಮುಂಚೆ ತೀರ್ಮಾನವಾಗಬೇಕಾದ್ದು ಬೇರೆ. ಎಷ್ಟನೇ ತರಗತಿಗೆ ಪಾಠ ಮಾಡುವ ಆಸೆ? ಪದವಿ ಯಾವುದು ಅನ್ನುವುದು ಇದರ ಮೇಲೆ ನಿಂತಿದೆ. ಹೆಚ್ಚಿನವರು ಎಡವುವುದೂ ಇಲ್ಲೇ, ‘ಟೀಚರ್ ಅಂದರೆ ಬಿ.ಎಡ್.’ ಅಂದುಕೊಂಡು. ಒಂದರಿಂದ ಐದನೇ ತರಗತಿಗೆ ಬಿ.ಎಡ್. ನಡೆಯುವುದಿಲ್ಲ, ಡಿ.ಎಲ್.ಎಡ್. ಬೇಕು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿಬಿಟ್ಟಿದೆ. ಪ್ರಾಥಮಿಕ ಶಿಕ್ಷಕರ ತರಬೇತಿಯ ಡಿಪ್ಲೊಮಾ ಇದು, ಹಳಬರು ಡಿ.ಎಡ್. ಅನ್ನುತ್ತಿದ್ದ ಕೋರ್ಸು ಇದೇ: ಎರಡು ವರ್ಷ, ಹನ್ನೆರಡನೆಯಲ್ಲಿ ಶೇ. 50 ಅಂಕ ಇದ್ದರೆ ಸೇರಬಹುದು. ಆರರಿಂದ ಎಂಟಕ್ಕೆ ಪದವಿಯ ಜೊತೆ ಡಿ.ಎಲ್.ಎಡ್. ಆದರೂ ಸರಿ, ಬಿ.ಎಡ್. ಆದರೂ ಸರಿ. ಒಂಬತ್ತು-ಹತ್ತಕ್ಕೆ ಪದವಿ ಮತ್ತು ಬಿ.ಎಡ್. ಜೂನಿಯರ್ ಕಾಲೇಜಿಗೆ (ಹನ್ನೊಂದು-ಹನ್ನೆರಡಕ್ಕೆ) ಸ್ನಾತಕೋತ್ತರ ಪದವಿಯೂ ಸೇರಬೇಕು.

ಬಿ.ಕಾಂ. ಮೇಲೆ ನೇರ ಬಿ.ಎಡ್. ಮಾಡುವವರ ತೊಂದರೆ ಕೇಳಿ. ಹತ್ತನೇವರೆಗೆ ಶಾಲೆಯಲ್ಲಿ ಅಕೌಂಟ್ಸ್ ಎಂಬ ಪಾಠವೇ ಇಲ್ಲ. ಅದಿರುವುದು ಹನ್ನೊಂದು-ಹನ್ನೆರಡರಲ್ಲಿ, ಅಲ್ಲಿ ಎಂ.ಕಾಂ. ಕೇಳುತ್ತಾರೆ. ಕೈಯಲ್ಲಿ ಬಿ.ಎಡ್. ಇದ್ದೂ ವಿಷಯವಿಲ್ಲದೆ ಎರಡರ ನಡುವೆ ಸಿಕ್ಕಿಕೊಳ್ಳುತ್ತಾರೆ.

ಹಾಗಾಗಿ ನಿಮ್ಮ ಮಟ್ಟಿಗೆ ಅಪ್ಪನ ಮಾತೇ ಸರಿ. ಉಳಿದ ಮೂರು ಸೆಮಿಸ್ಟರ್ ಮುಗಿಸಿ, ನಂತರ ಡಿ.ಎಲ್.ಎಡ್. ಮಾಡಿ. ಒಟ್ಟು ಮೂರೂವರೆ ವರ್ಷ. ಐದನೇವರೆಗೆ ಒಬ್ಬ ಟೀಚರೇ ಎಲ್ಲ ವಿಷಯ ಹೇಳಿಕೊಡುವುದರಿಂದ ಗಣಿತ ನಿಮ್ಮ ಕೈತಪ್ಪುವುದಿಲ್ಲ. ಪದವಿ ಇದ್ದುದಕ್ಕೆ ಆರರಿಂದ ಎಂಟರ ಅರ್ಹತೆಯೂ ಬರುತ್ತದೆ, ಆದರೆ ಅಲ್ಲಿ ಗಣಿತದ ಹುದ್ದೆಗೆ ಸಾಮಾನ್ಯವಾಗಿ ವಿಜ್ಞಾನ ಓದಿದವರನ್ನೇ ಕೇಳುತ್ತಾರೆ ಎಂಬುದು ಗೊತ್ತಿರಲಿ.

ಆಮೇಲೆ ಟಿ.ಇ.ಟಿ., ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಐದನೇವರೆಗೆ ಮೊದಲ ಪತ್ರಿಕೆ, ಆರರಿಂದ ಎಂಟಕ್ಕೆ ಎರಡನೆಯದು. ಒಂದೊಂದೂ 150 ಅಂಕ, ಪಾಸಾಗಲು 90 ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಎರಡು ಭಾಷೆಗಳಿಗೆ ತಲಾ 30 ಅಂಕ, ನಮ್ಮ ಕನ್ನಡದ ಮಕ್ಕಳು ಹಿಂದೆ ಬೀಳುವುದು ಅಲ್ಲಿ. ಮರಾಠಿ ಮಾತಾಡಲು ಬಂದರೆ ಸಾಲದು, ವ್ಯಾಕರಣ ಈಗಲೇ ಹಿಡಿಯಿರಿ. ಕನ್ನಡವನ್ನೂ ಬಿಡಬೇಡಿ: ಮುಂಬಯಿ ಪಾಲಿಕೆಗೆ ಕನ್ನಡ ಮಾಧ್ಯಮದ ಶಾಲೆಗಳಿವೆ, ಗಡಿಭಾಗದ ಅಕ್ಕಲಕೋಟೆ, ಜತ್ತ ಕಡೆಗೂ ಇವೆ.

ಸಂಬಳದ ಮಾತು. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’, ಅಂದರೆ ಪೂರ್ಣ ಸಂಬಳವಿಲ್ಲ, ನಿಗದಿತ ಗೌರವಧನ ಮಾತ್ರ. 2023ರಲ್ಲಿ ಏರಿಸಿದ ಮೇಲೆ ಪ್ರಾಥಮಿಕಕ್ಕೆ ತಿಂಗಳಿಗೆ 16,000 ರೂಪಾಯಿ. ಡೊಂಬಿವಲಿಯಲ್ಲಿ ಇದರಲ್ಲಿ ಬಾಡಿಗೆ ಕಟ್ಟಿ ಬದುಕುವುದು ಕಷ್ಟ, ಅಷ್ಟು ದಿನ ಮನೆಯವರ ಆಸರೆ ಇದೆಯೇ ಎಂದು ಅಪ್ಪನ ಜೊತೆ ಕೂತು ಮಾತಾಡಿ.

ಈ ಖುಷಿ ನಿಲ್ಲುವಂಥದ್ದೇ ಎಂದು ನೋಡಬೇಕಲ್ಲ? ಈ ವಾರ ಮಕ್ಕಳಿಗೆ 1/2 + 1/3 ಕೊಡಿ. ಒಬ್ಬರಾದರೂ 2/5 ಎಂದು ಬರೆದಾರು, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ. ಲ.ಸಾ.ಅ. ತೆಗೆಸಿ 5/6 ಬರೆಸಿದರೆ ಎರಡು ನಿಮಿಷದಲ್ಲಿ ಮುಗಿಯಿತು, ನಾಳೆ ಮತ್ತೆ ಅದೇ ತಪ್ಪು. ಹಾಗೆ ಮಾಡದೆ ಒಂದು ಚಪಾತಿಯ ಚಿತ್ರ ಬರೆದು, ‘ಅರ್ಧ ಇತ್ತು, ಅದಕ್ಕೆ ಇನ್ನೊಂದು ಚೂರು ಸೇರಿಸಿದೆವು. 2/5 ಅಂದರೆ ಅರ್ಧಕ್ಕಿಂತ ಹೆಚ್ಚೋ, ಕಡಿಮೆಯೋ?’ ಎಂದು ಕೇಳಿ ಸುಮ್ಮನಿರಿ. ‘ಸೇರಿಸಿದರೂ ಕಡಿಮೆ ಆಯಿತಲ್ಲ!’ ಎಂದು ಮಗುವೇ ಹೇಳುವವರೆಗೆ ಬಾಯಿ ಬಿಡಬೇಡಿ. ಆ ಕಾಯುವಿಕೆ ನಿಮಗೆ ಹಿತವೋ, ಕಿರಿಕಿರಿಯೋ? ಮೂವರ ಮುಂದೆ ಸುಲಭ. ಪಕ್ಕದ ಶಾಲೆಯಲ್ಲಿ ಕೇಳಿಕೊಂಡು, 40 ಮಕ್ಕಳ ತರಗತಿಯಲ್ಲಿ 35 ನಿಮಿಷದ ಹತ್ತು ಪೀರಿಯಡ್ ಮಾಡಿ ನೋಡಿ. ಹತ್ತನೆಯದಾದ ಮೇಲೂ ಹನ್ನೊಂದನೆಯದು ಬೇಕೆನಿಸಿದರೆ ಡಿ.ಎಲ್.ಎಡ್. ಅರ್ಜಿ ತುಂಬಿ.

ಪ್ರಶ್ನೆ: ಮಗ ಪುಣೆಯಲ್ಲಿ ಬಿ.ಇ. ಮೂರನೇ ವರ್ಷ. ಹೈಸ್ಕೂಲ್ ಗಣಿತ ಶಿಕ್ಷಕನಾಗುತ್ತೇನೆ, ಕಾಲೇಜು ಬಿಡುತ್ತೇನೆ ಅನ್ನುತ್ತಿದ್ದಾನೆ.

ಉತ್ತರ: ಆಸೆ ಒಳ್ಳೆಯದೇ, ಬೈಯಬೇಡಿ. ಆದರೆ ಬಿಡುವ ಅಗತ್ಯವಿಲ್ಲ. ಗಣಿತ, ವಿಜ್ಞಾನ ಓದಿದ ಬಿ.ಇ.ಯವರಿಗೂ ಬಿ.ಎಡ್.ಗೆ ಪ್ರವೇಶವಿದೆ, ಶೇ. 55 ಅಂಕ ಇರಬೇಕು ಅಷ್ಟೆ. ಸಾದಾ ಪದವಿಯವರಿಗೆ 50 ಸಾಕು, ಆ ವ್ಯತ್ಯಾಸ ತಿಳಿಯದೆ 53ಕ್ಕೆ ನಿಂತವರು ಪೇಚಾಡುತ್ತಾರೆ. ಈಗಿನ ಅಂಕ ಎಷ್ಟಿದೆ ನೋಡಿ, ಕಡಿಮೆ ಇದ್ದರೆ ಉಳಿದ ಸೆಮಿಸ್ಟರ್‌ಗಳಲ್ಲಿ ಏರಿಸಿಕೊಳ್ಳಲಿ. ಕೊನೆಯ ವರ್ಷ ಬಿ.ಎಡ್. ಸಿ.ಇ.ಟಿ. (ಪ್ರವೇಶ ಪರೀಕ್ಷೆ) ಬರೆಯಲಿ.