ಚೀಸ್‌ಕೇಕ್ ಕೆಳಗೇ ಇದೆ, ಹಾಲಿಗೆ ಮೂರು ಕಿಲೋಮೀಟರ್

ಕನಕಪುರ ರಸ್ತೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರಿರುವುದು ನಿವೃತ್ತರಿಗೆಂದೇ ಕಟ್ಟಿದ ಬಡಾವಣೆಯಲ್ಲಿ. ಅಲ್ಲಿ ಕ್ಲಬ್‌ಹೌಸಿನ ಕೆಳಗೆ ಹೊಸದಾಗಿ ಡೆಸರ್ಟ್ ಅಂಗಡಿ ತೆರೆದಿದೆ. ಒಂದು ತುಂಡು ಚೀಸ್‌ಕೇಕಿಗೆ 420 ರೂಪಾಯಿ, ಇಟಲಿ ಶೈಲಿಯ ಐಸ್‌ಕ್ರೀಂ ಜೆಲಾಟೊ ಒಂದು ಸ್ಕೂಪಿಗೆ 280. ‘ಅರ್ಧಕ್ಕರ್ಧ ಜನಕ್ಕೆ ಶುಗರ್ ಇರುವ ಜಾಗದಲ್ಲಿ ಇದು ಬೇಕಿತ್ತಾ? ಸುಲಿಗೆ ಅಲ್ವಾ? ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಜಗಳ. ಮುಚ್ಚಿಸಿ ಅಂತ ನೀವೊಂದು ಬರೆಯಿರಿ’ ಎಂದು ಕೇಳಿದ್ದಾರೆ.

ಮೇಡಂ, ಮುಚ್ಚಿಸಿ ಅಂತ ನಾನು ಬರೆಯುವುದಿಲ್ಲ. ಬೇಜಾರಾಗಬೇಡಿ.

ಮೊದಲು ಶುಗರ್ ವಿಷಯ. ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಮಧುಮೇಹ ಇದೆ ಎಂದು 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನ ಹೇಳಿತು. ನಿಮ್ಮ ಭಯ ಸುಳ್ಳಲ್ಲ. ಆದರೆ ಡೈನಿಂಗ್ ಹಾಲ್‌ನಲ್ಲಿ ಭಾನುವಾರದ ಚೌಚೌ ಬಾತ್ ಒಂದೇ ಬಾಯಿಗೆ ರುಚಿ ಅಂತ ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಅದರಲ್ಲಿ ಅರ್ಧ ಕೇಸರಿಬಾತ್ ಅಲ್ವಾ? ಅದರ ಸಕ್ಕರೆಗೆ ಇಲ್ಲದ ವಿರೋಧ ಚೀಸ್‌ಕೇಕಿಗೆ ಯಾಕೆ? ಡಾಕ್ಟರು ಬೇಡ ಅಂದರೆ ಬಿಡೋಣ. ಪಕ್ಕದ ಮನೆಯವರು, ಮ್ಯಾನೇಜರು, ಅಮೆರಿಕದಲ್ಲಿರುವ ಮಗ ಎಲ್ಲ ಸೇರಿ 78 ವರ್ಷದವರ ಕೈಯಿಂದ ಚಮಚ ಕಿತ್ತುಕೊಳ್ಳುವುದು ಬೇಡ. ನಿಮ್ಮ ತಲೆಮಾರಿಗೆ ಐಸ್‌ಕ್ರೀಂ ಹೊಸದೂ ಅಲ್ಲ. ಬೆಂಗಳೂರಿನ ಐಸ್‌ಕ್ರೀಂ ಅಂಗಡಿ ಕಾರ್ನರ್ ಹೌಸ್ ಶುರುವಾಗಿದ್ದು 1982ರಲ್ಲಿ. ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದ ವಯಸ್ಸು ಆಗ ನಿಮ್ಮದು. (ಅಲ್ಲಿನ ಹೆಸರುವಾಸಿ ಐಟಮ್ ‘ಡೆತ್ ಬೈ ಚಾಕೊಲೇಟ್’. ನಿಮ್ಮ ಕ್ಲಬ್‌ಹೌಸಿನಲ್ಲಿ ಆ ಬೋರ್ಡ್ ಬಿದ್ದಿದ್ದರೆ ಜಗಳ ಇನ್ನೂ ರಂಗೇರುತ್ತಿತ್ತು.)

ಬೆಲೆ ಜಾಸ್ತಿ, ಒಪ್ಪಿದೆ. ಆದರೆ ಎಲ್ಲರಿಗೂ ಒಂದೇ ಥರ ಜಾಸ್ತಿ ಅಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಪೂರ್ತಿ 30 ಲಕ್ಷ ಇಟ್ಟವರಿಗೆ ಶೇ 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೆ 61,500 ರೂಪಾಯಿ ಬರುತ್ತದೆ. ಖಾಸಗಿ ಕಾರ್ಖಾನೆಯಲ್ಲಿ ದುಡಿದವರಿಗೆ 2014ರಲ್ಲಿ ನಿಗದಿಯಾದ ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಕನಿಷ್ಠ ಪೆನ್ಷನ್ ತಿಂಗಳಿಗೆ 1,000. ಮಗ ಮನೆ ಕೊಡಿಸಿರುತ್ತಾನೆ, ಕೈಖರ್ಚಿಗೆ ಅದೇ ಗತಿ. ಅಂಥವರಿಗೆ ಒಂದು ತಿಂಗಳ ಪೆನ್ಷನ್ ಅಂದರೆ ಎರಡು ಚೀಸ್‌ಕೇಕ್, ಚಿಲ್ಲರೆ 160.

ಮೊನ್ನೆ ದೇವನಹಳ್ಳಿ ಕಡೆ ಇಂಥದೇ ಬಡಾವಣೆಯಲ್ಲಿರುವ ನಮ್ಮ ಚಿಕ್ಕಮ್ಮನನ್ನು ನೋಡಲು ಹೋಗಿದ್ದೆ. ಅಲ್ಲೂ ಒಂದು ದುಬಾರಿ ಸಿಹಿ ಅಂಗಡಿ ಬಂದಿದೆ. ಪಕ್ಕದ ಮೇಜಿನಲ್ಲಿ ಇಬ್ಬರು ಹಿರಿಯರು ಒಂದು ತುಂಡು ಕೇಕ್ ತರಿಸಿದರು. ‘ಬೈ-ಟು ಮಾಡಿ ಕೊಡಪ್ಪ’ ಅಂದರು. ಹುಡುಗನಿಗೆ ಅರ್ಥವೇ ಆಗಲಿಲ್ಲ. ಇನ್ನೊಂದು ಪ್ಲೇಟ್ ಕೊಡುವ ಹಾಗಿಲ್ಲ ಅಂದ. ಒಬ್ಬರು ಬಟ್ಟೆ ಚೀಲಕ್ಕೆ ಕೈ ಹಾಕಿ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರು. ಅಂಚನ್ನು ಕರ್ಚೀಫಿನಿಂದ ಒರೆಸಿದರು. ಕೇಕನ್ನು ನಡುವೆ ಕತ್ತರಿಸಿ, ಸ್ಟ್ರಾಬೆರಿ ಇದ್ದ ಕಡೆಯನ್ನು ಸ್ನೇಹಿತರ ಕಡೆಗೆ ತಳ್ಳಿ, ತಮ್ಮದನ್ನು ಮುಚ್ಚಳಕ್ಕೆ ಎತ್ತಿಕೊಂಡರು. ಅಷ್ಟರಲ್ಲೇ ಒಂದೂಕಾಲು ಗಂಟೆ ಕೂತಿದ್ದರು. ‘ಡೈನಿಂಗ್ ಹಾಲ್‌ನಲ್ಲಿ ಎಂಟಕ್ಕೇ ಲೈಟ್ ಆರಿಸ್ತಾರೆ ಕಣೋ. ಇಲ್ಲಿ ಹತ್ತರವರೆಗೂ ಸುಮ್ನೆ ಕೂತಿರಬಹುದು’ ಅಂದಳು ಚಿಕ್ಕಮ್ಮ. 420 ರೂಪಾಯಿಯಲ್ಲಿ ಕುರ್ಚಿಯ ಬಾಡಿಗೆಯೂ ಸೇರಿದೆ ಅಂತ ನನಗೆ ಹೊಳೆದಿದ್ದು ಆಗಲೇ.

ಈಗ ನಿಮ್ಮ ಮೂರನೇ ಪುಟಕ್ಕೆ ಬರುತ್ತೇನೆ. ಅಲ್ಲಿ ಎರಡೇ ಸಾಲು: ‘ಎರಡು ವರ್ಷದಿಂದ ಅದೇ ಜಾಗದಲ್ಲಿ ನಂದಿನಿ ಬೂತು, ಮೆಡಿಕಲ್ ಶಾಪು ಕೇಳುತ್ತಿದ್ದೆವು. ಇವತ್ತಿಗೂ ಹಾಲಿಗೆ ಮೂರು ಕಿಲೋಮೀಟರ್ ಹೋಗಬೇಕು.’ ಮೇಡಂ, ಪತ್ರ ಶುರುವಾಗಬೇಕಿದ್ದದ್ದೇ ಇಲ್ಲಿಂದ! ನಿಮ್ಮನ್ನು ಒಂದು ಮಾತೂ ಕೇಳದೆ ಜಾಗ ಕೊಟ್ಟುಬಿಟ್ಟರು, ಹೊಟ್ಟೆಯುರಿ ಅದಕ್ಕೆ. ಪಾಪ, ಬೈಗುಳ ಮಾತ್ರ ಚೀಸ್‌ಕೇಕಿಗೆ.

ಹಾಗಾದರೆ ಜಗಳ ಅಲ್ಲೇ ಆಡಿ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ ‘ಸಾಮಾನ್ಯ ಪ್ರದೇಶ’ ಅಂದರೆ ಲಿಫ್ಟು, ಮೆಟ್ಟಿಲು ಮಾತ್ರ ಅಲ್ಲ. ಯೋಜನೆಯಲ್ಲಿ ಒದಗಿಸಿದ ಸಮುದಾಯ ಮತ್ತು ವಾಣಿಜ್ಯ ಸೌಲಭ್ಯಗಳೂ ಅದರೊಳಗೆ ಬರುತ್ತವೆ. ನಿಮ್ಮದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಡಿ ನೋಂದಣಿ ಆಗಿದ್ದರೆ, ಸಾಮಾನ್ಯ ಪ್ರದೇಶದಲ್ಲಿ ಪ್ರತಿ ಮನೆಯವರಿಗೂ ಪಾಲಿದೆ. ಯಾವ ಜಾಗ ಸಾಮಾನ್ಯ ಪ್ರದೇಶ ಅಂತ ಬರೆದಿರುವ ಡೀಡ್ ಆಫ್ ಡಿಕ್ಲರೇಷನ್ ಪತ್ರ ತರಿಸಿ, ಕ್ಲಬ್‌ಹೌಸಿನ ಕೆಳ ಅಂತಸ್ತು ಯಾರ ಲೆಕ್ಕದಲ್ಲಿದೆ ನೋಡಿ. ನಿಮ್ಮದೇ ಆಗಿದ್ದರೆ ಬಾಡಿಗೆ ಎಷ್ಟು, ಯಾರ ಖಾತೆಗೆ ಹೋಗುತ್ತಿದೆ, ಎಷ್ಟು ವರ್ಷಕ್ಕೆ ಬರೆದುಕೊಟ್ಟಿದ್ದಾರೆ ಅಂತ ಸಂಘದ ಸಭೆಯಲ್ಲಿ ಬರಹದಲ್ಲೇ ಕೇಳಿ. ಬಿಲ್ಡರ್ ತನ್ನ ಹೆಸರಲ್ಲೇ ಉಳಿಸಿಕೊಂಡಿದ್ದರೆ ದಾರಿ ಉದ್ದ, ವಕೀಲರು ಬೇಕಾಗುತ್ತದೆ.

ಅಲ್ಲಿಯವರೆಗೆ ಅಂಗಡಿಯವರ ಜೊತೆ ಮಾತಾಡಿ. ಅರ್ಧ ತುಂಡು ಅರ್ಧ ಬೆಲೆಗೆ ಕೊಡಲಿ. ಎರಡನೇ ಪ್ಲೇಟಿಗೆ ಮುಖ ಸಿಂಡರಿಸದಿರಲಿ. ಫ್ರಿಜ್ ಹೇಗೂ ಇದೆ, ಬೆಳಿಗ್ಗೆ ಆರರಿಂದ ಎಂಟರವರೆಗೆ ಹಾಲಿನ ಪ್ಯಾಕೆಟ್ ಇಡಲಿ. ಸಂಜೆಯವರೆಗೆ ಖಾಲಿ ಕೂರುವ ಅಂಗಡಿಗೆ ಇದರಿಂದ ನಷ್ಟ ಏನಿಲ್ಲ.

ಅಂದ ಹಾಗೆ, ನಾಲ್ಕನೇ ಪುಟದ ಕೊನೆಯಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೀರಿ. ಬೆಳಕಿಗೆ ಹಿಡಿದರೆ ಓದಲಾಗುತ್ತದೆ: ‘ಒಂದು ಸಲ ಹೋಗಿದ್ದೆ, ಚೆನ್ನಾಗೇ ಇತ್ತು.’ ಯಾವುದು ತಿಂದಿರಿ ಅಂತ ಮುಂದಿನ ಪತ್ರದಲ್ಲಿ ಬರೆಯಿರಿ.