ಸಾವಿರ ಮುಳ್ಳಿನ ಏಟು ಯಾಕೆ ತಪ್ಪಲ್ಲ?

ಪ್ರಶ್ನೆ: ಫೈನಲ್ ಫ್ಯಾಂಟಸಿ 8 ಅನ್ನೋ ವಿಡಿಯೋ ಗೇಮ್ ಆಡ್ತಿದ್ದೀನಿ. ಮರಳುಗಾಡಿನ ದ್ವೀಪದಲ್ಲಿ ಕಾಕ್ಟುವಾರ್ ಅನ್ನೋ ಹಸಿರು ಕಳ್ಳಿ ಬರುತ್ತಲ್ಲ, ಅದರ ಕಾಟ ತಡೆಯೋಕೆ ಆಗ್ತಿಲ್ಲ. ವೈಟಾಲಿಟಿ (ಏಟು ತಡೆಯೋ ಶಕ್ತಿ) ಎಷ್ಟು ಏರಿಸಿದರೂ ಅದರ ಸಾವಿರ ಮುಳ್ಳಿನ ದಾಳಿಗೆ ಸರಿಯಾಗಿ 1000 ಪಾಯಿಂಟ್ ಏಟು ಬೀಳುತ್ತೆ. ನಾನು ಹೊಡೆಯೋಕೆ ಹೋದರೆ ಓಡಿಹೋಗುತ್ತೆ. ಇದು ಬಗ್ಗಾ (ಆಟದ ಪ್ರೋಗ್ರಾಮ್‌ನ ದೋಷವಾ)?
– ಓದುಗ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಬಗ್ ಅಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ. ಮಾಮೂಲಿ ಏಟಿನಲ್ಲಿ ಶತ್ರುವಿನ ಬಲ ಎಷ್ಟು, ನಿಮ್ಮ ವೈಟಾಲಿಟಿ ಎಷ್ಟು ಅಂತ ಲೆಕ್ಕ ಹಾಕಿ ಆಟ ಒಂದು ಸಂಖ್ಯೆ ಕೊಡುತ್ತದೆ. ಸಾವಿರ ಮುಳ್ಳಿನ ದಾಳಿಯಲ್ಲಿ ಆ ಲೆಕ್ಕವೇ ಇಲ್ಲ. 1000 ಅಂದರೆ 1000. ನೀವು ಲೆವೆಲ್ 10ರಲ್ಲಿರಿ, 90ರಲ್ಲಿರಿ, ಬಸ್ ಟಿಕೆಟ್ ಥರ ಎಲ್ಲರಿಗೂ ಒಂದೇ ದರ. ಹಾಗಾಗಿ ವೈಟಾಲಿಟಿಗೆ ಹಾಕಿದ ಮ್ಯಾಜಿಕ್ ಇಲ್ಲಿ ಸುಮ್ನೆ ದಂಡ. ಅದನ್ನು ಎಚ್‌ಪಿಗೆ, ಅಂದರೆ ಜೀವದ ಅಂಕಕ್ಕೆ, ಹಾಕಿ. ಕ್ಯೂರಾಗಾ ಅನ್ನೋ ಗುಣಪಡಿಸೋ ಮ್ಯಾಜಿಕ್ 100 ಸೇರಿಸಿ ಎಚ್‌ಪಿಗೆ ಜಂಕ್ಷನ್ ಮಾಡಿದರೆ (ಜೋಡಿಸಿದರೆ) ಒಂದು ಏಟಿಗೆ ಬೀಳೋ ಭಯ ಇರಲ್ಲ.

ಓಡಿಹೋಗೋದು ಇನ್ನೊಂದು ತಲೆನೋವು, ನನ್ನ ಪ್ರಕಾರ ಮುಳ್ಳಿಗಿಂತ ದೊಡ್ಡದು ಇದೇ. ಕಾಕ್ಟುವಾರ್‌ಗೆ ಏಟು ತಪ್ಪಿಸಿಕೊಳ್ಳೋ ಚಾಳಿ ಜಾಸ್ತಿ, ನೀವು ಮೆನು ತೆರೆದು ಯಾವ ಮ್ಯಾಜಿಕ್ ಹಾಕಲಿ ಅಂತ ಯೋಚಿಸೋ ಹೊತ್ತಿಗೆ ಅದು ಜಾಗ ಖಾಲಿ ಮಾಡಿರುತ್ತದೆ. ಆಟದ ನಾಯಕ ಸ್ಕ್ವಾಲ್‌ನನ್ನು ಮುಂದೆ ಬಿಡಿ. ಅವನ ಗನ್‌ಬ್ಲೇಡ್‌ನ (ಬಂದೂಕು-ಕತ್ತಿಯ) ಹಿಟ್, ಅಂದರೆ ಗುರಿಯ ಅಂಕ, 255, ಗುರಿ ತಪ್ಪೋದೇ ಇಲ್ಲ. ಸ್ಪೀಡ್‌ಗೂ ಒಳ್ಳೆ ಜಂಕ್ಷನ್ ಇರಲಿ. ಇನಿಶಿಯೇಟಿವ್ ಅಬಿಲಿಟಿ ಸಿಕ್ಕಿದ್ದರೆ ಅದನ್ನೂ ಹಾಕಿ, ಕಾಳಗ ಶುರುವಾದ ಕೂಡಲೇ ಮೊದಲ ಸರದಿ ನಿಮ್ಮದಾಗುತ್ತದೆ.

ಇಷ್ಟೆಲ್ಲ ಯಾಕೆ ಕಷ್ಟಪಡಬೇಕು ಅಂದರೆ, ಒಂದು ಕಾಕ್ಟುವಾರ್ ಹೊಡೆದರೆ 20 ಎಪಿ (ಅಬಿಲಿಟಿ ಕಲಿಯೋಕೆ ಬೇಕಾದ ಪಾಯಿಂಟ್) ಸಿಗುತ್ತದೆ. ಜೊತೆಗಿರೋ ಪ್ರತಿ ಗಾರ್ಡಿಯನ್ ಫೋರ್ಸ್‌ಗೂ (ಕರೆದರೆ ಬಂದು ಕಾದಾಡೋ ಶಕ್ತಿಗೂ) ಪೂರ್ತಿ 20, ಹಂಚಿಕೆ ಇಲ್ಲ. ಅಬಿಲಿಟಿ ಬೇಗ ಕಲಿಸೋಕೆ ಇದಕ್ಕಿಂತ ಒಳ್ಳೆ ಜಾಗ ಆ ಆಟದಲ್ಲಿ ಕಡಿಮೆ. ನಿಮ್ಮದು 2019ರ ರೀಮಾಸ್ಟರ್ (ಹೊಸದಾಗಿ ತಿದ್ದಿದ ಆವೃತ್ತಿ) ಆಗಿದ್ದರೆ ಮೂರು ಪಟ್ಟು ವೇಗ ಆನ್ ಮಾಡಿಕೊಳ್ಳಿ, ಬೇಜಾರಾಗಲ್ಲ.

ಅದೇ ಮರಳಲ್ಲಿ ಆಗಾಗ ತಲೆ ಎತ್ತಿ ಮುಳುಗೋ ದೊಡ್ಡ ಕಳ್ಳಿ ಕಂಡರೆ ಮಾತ್ರ ಹುಷಾರು. ಅದು ಜಂಬೋ ಕಾಕ್ಟುವಾರ್. ಅದರ ದಾಳಿ 10,000 ಮುಳ್ಳು, ನಿಮ್ಮ ಎಚ್‌ಪಿ 9,999ರ ಮೇಲೆ ಹೋಗಲ್ಲ, ಉಳಿದ ಲೆಕ್ಕ ನೀವೇ ಮಾಡಿ. ಬಿದ್ದವರನ್ನು ಎಬ್ಬಿಸೋ ಫೀನಿಕ್ಸ್ ಡೌನ್ ಕೈಯಲ್ಲಿರಲಿ. ನೀರಿನ ದಾಳಿ ಅದಕ್ಕೆ ಆಗಿಬರಲ್ಲ, ನೀರಿನ ಗಾರ್ಡಿಯನ್ ಫೋರ್ಸ್ ಲೆವಿಯಾತನ್ ಕರೆಯಿರಿ. ಗೆದ್ದರೆ ಕಾಕ್ಟುವಾರ್ ನಿಮ್ಮ ಗಾರ್ಡಿಯನ್ ಫೋರ್ಸ್ ಆಗಿ ಬರುತ್ತದೆ.

ಈ ಪ್ರಾಣಿ ಮೊದಲು ಬಂದಿದ್ದು 1994ರ ಫೈನಲ್ ಫ್ಯಾಂಟಸಿ 6ರಲ್ಲಿ. ಅಲ್ಲಿ ಅದರ ಎಚ್‌ಪಿ ಬರೀ 3! ಆದರೂ ಹೊಡೆಯೋಕೆ ಬೆವರು ಇಳಿಯುತ್ತದೆ.

ಪ್ರಶ್ನೆ: ಮಗ ಈ ಆಟ ನೋಡಿ ಹೊಲದ ಬೇಲಿ ಕಳ್ಳಿಯನ್ನೇ ಶತ್ರು ಅಂದ್ಕೊಂಡು ಕೋಲಿನಿಂದ ಬಡಿದು ಮುರೀತಾನೆ. ಏನಾದರೂ ತೊಂದರೆ ಇದೆಯಾ?
– ಓದುಗರು, ಚಳ್ಳಕೆರೆ

ಉತ್ತರ: ಇದೆ, ನಿಲ್ಲಿಸಿ. ಆಟದ ಕಾಕ್ಟುವಾರ್ ನೋಡೋಕೆ ಅಮೆರಿಕದ ಸೊನೋರಾ ಮರಳುಗಾಡಿನ ಸಾಗ್ವಾರೊ ಕಳ್ಳಿ ಥರ, ಕೈ ಎತ್ತಿ ನಿಂತ ಹಾಗೆ. ನಿಮ್ಮ ಬೇಲಿಯದು ಬೇರೆ ಜಾತಿ. ಮುರಿದ ಜಾಗದಲ್ಲಿ ಬಿಳಿ ಹಾಲು ಬಂದರೆ ಅದು ಯುಫೋರ್ಬಿಯಾ, ನಿಜವಾದ ಕ್ಯಾಕ್ಟಸ್‌ಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಆ ಹಾಲು ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು ಬರಬಹುದು. ಬಿದ್ದರೆ ಉಜ್ಜಬೇಡಿ, ತುಂಬಾ ಹೊತ್ತು ನೀರು ಹುಯ್ದು ತೊಳೆಯಿರಿ, ತಡ ಮಾಡದೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಹಸ್ತದಂತೆ ಚಪ್ಪಟೆಯಾಗಿರೋ ಪಾಪಾಸುಕಳ್ಳಿ ಆದರೆ ಹಾಲಿನ ಕಾಟ ಇಲ್ಲ, ಆದರೆ ದೊಡ್ಡ ಮುಳ್ಳಿನ ಬುಡದಲ್ಲಿ ಕೂದಲಿನಷ್ಟು ಸಣ್ಣ ಮುಳ್ಳುಗಳಿರುತ್ತವೆ. ಅವು ಚುಚ್ಚಿಕೊಂಡರೆ ಟೇಪ್ ಅಂಟಿಸಿ ಕೀಳಿ, ಉಳಿದದ್ದಕ್ಕೆ ಚಿಮಟಿಗೆ.